ಹಿರಿಯರ ಕಾಯಿ ಮತ್ತು ಬೆಳಗಿನ ಚಟ್ನಿ

ಹೇಸಿಗೆ ಎಂಬ ಮಾತನ್ನು ನಾನು ಸುಮ್ಮಸುಮ್ಮನೆ ಬಳಸುವವಳಲ್ಲ. ಸಗಣಿ ಬಾಚಿ ಬೆಳೆದವಳು ನಾನು. ದಮಾಮಿ ವಾದ್ಯಕ್ಕೆ ಬಿಗಿಯುವ ಮೊದಲು ಹಸಿ ಚರ್ಮ ಹೆರೆಯುತ್ತಾರಲ್ಲ, ಆ ವಾಸನೆಯ ಪಕ್ಕದಲ್ಲೇ ಕೂತು ಅನ್ನ ಉಂಡವಳು. ಅದ್ಯಾವುದೂ ನನಗೆ ಹೇಸಿಗೆ ಅನ್ನಿಸಿಲ್ಲ. ಹೇಸಿಗೆ ಅನ್ನಿಸಿದ್ದು ಒಂದು ಬಿಳಿ ಪಿಂಗಾಣಿ ಬಟ್ಟಲಿನಲ್ಲಿದ್ದ ಕಾಯಿ ಚಟ್ನಿ.

ನಾವು ಯಲ್ಲಾಪುರದ ಕಡೆಯ ಸಿದ್ದಿಗಳು. ನಮ್ಮ ಹಿಂದಿನವರು ಆಫ್ರಿಕಾದಿಂದ ಬಂದವರಂತೆ. ಹಾಗೆಂದು ನನಗೆ ಹೇಳಿದ್ದು ಶಿರಸಿಯ ಕಾಲೇಜಿನ ಪುಸ್ತಕ, ನಮ್ಮ ಅಜ್ಜಿಯಲ್ಲ. ಅಜ್ಜಿಗೆ ಗೊತ್ತಿದ್ದ ಮೂಲ ಊರೆಂದರೆ ಗುಡ್ಡದಾಚೆಯ ಕೇರಿ. ಅವಳು ಮದುವೆಯಾಗಿ ಬಂದದ್ದು ಅಲ್ಲಿಂದ. ಮನೆಯಲ್ಲಿ ನಾವು ಆಡುವುದು ಕೊಂಕಣಿ ಬೆರೆತ ಮಾತು, ಹೊರಗಿನವರ ಜೊತೆ ಕನ್ನಡ. ಇಲ್ಲಿ ಅಜ್ಜಿಯ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಅವಳಿಗೆ ಅದೂ ಚೆನ್ನಾಗಿಯೇ ಬರುತ್ತಿತ್ತು, ಬೈಯುವಾಗಲಂತೂ ಇನ್ನೂ ಚೆನ್ನಾಗಿ.

ನಮ್ಮ ಮನೆಯ ಒಳಕೋಣೆಯ ಮೂಲೆಯಲ್ಲಿ ಒಂದು ತೆಂಗಿನಕಾಯಿ ಇರುತ್ತದೆ. ಅದು ನಮ್ಮ ಹಿರಿಯರು, ಸತ್ತುಹೋದ ಅಜ್ಜ, ಮುತ್ತಜ್ಜಿ, ಎಲ್ಲರೂ. ವರ್ಷಕ್ಕೊಮ್ಮೆ, ಹಿರಿಯರ ದಿನ, ಅಜ್ಜಿ ಮೂಲೆಗೆ ಮುಖ ಮಾಡಿ ಕೂತು, ದಮಾಮಿ ಬಾರಿಸಿಕೊಂಡು ಕರೆಯುವ ಹಾಡು ಹೇಳುತ್ತಿದ್ದಳು. ಹೊಸ ಕಾಯಿ ಮೂಲೆಗೆ ಹೋಗುತ್ತಿತ್ತು. ಹೋದ ವರ್ಷದ ಕಾಯಿಯನ್ನು ಒಡೆದು, ಬೆಲ್ಲ ಕಲಸಿ, ಮನೆಯವರೆಲ್ಲ ಒಂದೇ ಸಾಲಿನಲ್ಲಿ ಕೂತು ತಿನ್ನಬೇಕು. ಹೊರಗಿನವರಿಗೆ ಒಂದು ಚೂರೂ ಇಲ್ಲ. ನಮ್ಮಲ್ಲಿ ಸೊಸೆ ಮನೆಯವಳಾಗುವುದು ತಾಳಿ ಕಟ್ಟಿದ ದಿನವಲ್ಲ, ಈ ಕಾಯಿ ತಿಂದ ದಿನ. ಎಲೆಯಲ್ಲಿ ಏನೂ ಬಿಡುವಂತಿಲ್ಲ. ಎಲ್ಲರದೂ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಸಾಲಿನಿಂದ ಒಬ್ಬರು ತಿನ್ನದೆ ಎದ್ದರೂ ಹಿರಿಯರು ಒಳಗೆ ಬಾರದೆ ಹೊರಗೇ ನಿಂತುಬಿಡುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಈ ಹೆದರಿಕೆಗೇ ಉಚ್ಚೆ ಕಟ್ಟಿಕೊಂಡು ಕೂತದ್ದುಂಟು.

ತೊಂಬತ್ತರ ದಶಕದ ಕೊನೆಗೆ ನಾನು ಶಿರಸಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದೆ. ಕೆಲಸ ಸಿಗಲಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ನಮ್ಮ ಕೇರಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ರೆಸಾರ್ಟ್ ಎದ್ದಿತು. ಅದರ ಮ್ಯಾನೇಜರು ಹುಬ್ಬಳ್ಳಿ ಕಡೆಯವರು. ಒಂದು ದಿನ ಜೀಪಿನಲ್ಲಿ ಕೇರಿಗೆ ಬಂದು ಎಲ್ಲರನ್ನೂ ಸೇರಿಸಿದರು.

"ನಿಮ್ಮ ಕಲ್ಚರ್ ನೋಡಾಕ ಅಂತ ಬೆಂಗಳೂರು, ಪುಣೆದಿಂದ ಮಂದಿ ಬರ್ತಾರ. ಶನಿವಾರಕ್ಕೊಮ್ಮೆ ಒಂದ್ ತಾಸು ಕುಣದ್ರ ಸಾಕು. ನಾಚಿಕಿ ಪಡಬ್ಯಾಡ್ರಿ," ಎಂದರು.

ನಾಚಿಕೆಪಡಬೇಕಾದ್ದು ಏನಿತ್ತೋ ಆಗ ಗೊತ್ತಾಗಲಿಲ್ಲ. ಮೊದಲ ಶನಿವಾರ ಗೊತ್ತಾಯಿತು. ಉಡಲು ಎಲೆಯ ಲಂಗ ಕೊಟ್ಟರು. ಅದೂ ನಿಜವಾದ ಎಲೆಯಲ್ಲ, ಹುಬ್ಬಳ್ಳಿಯಿಂದ ತಂದ ಹಸಿರು ಪ್ಲಾಸ್ಟಿಕ್. ಮುಖಕ್ಕೆ ಬಿಳಿ ಬೊಟ್ಟುಗಳು. ನನ್ನ ಚಿಕ್ಕಪ್ಪ ಯಲ್ಲಾಪುರದ ಪೇಟೆಗೆ ಇಸ್ತ್ರಿ ಅಂಗಿ ಇಲ್ಲದೆ ಹೊರಡುವವನಲ್ಲ. ಅವನು ಆ ಪ್ಲಾಸ್ಟಿಕ್ ಸುತ್ತಿಕೊಂಡು, ಕೈಯಲ್ಲಿ ಒಂದು ಭರ್ಜಿ ಹಿಡಿದು "ಹೂ ಹೂ" ಎಂದು ಕುಪ್ಪಳಿಸಿದ. ನಮ್ಮ ಕುಣಿತದಲ್ಲಿ ಹೂ ಹೂ ಇಲ್ಲ, ಭರ್ಜಿಯೂ ಇಲ್ಲ. ನಾನು ಮೈಕ್ ಹಿಡಿದು "ದಿಸ್ ಈಸ್ ಅವರ್ ಟ್ರೆಡಿಷನಲ್ ಡ್ರೆಸ್" ಎಂದೆ. ಅದೇ ನನ್ನ ಕೆಲಸ. ಬಿ.ಎ. ಓದಿದ್ದಕ್ಕೆ ಸಿಕ್ಕಿದ ಕೆಲಸ. ಈಗಲೂ ಆ ವಾಕ್ಯ ನೆನಪಾದರೆ ನಾಲಿಗೆ ತೊಳೆದುಕೊಳ್ಳೋಣ ಅನ್ನಿಸುತ್ತದೆ.

ಅಜ್ಜಿ ಮಾತ್ರ ಲಂಗವನ್ನು ಮುಟ್ಟಲಿಲ್ಲ. "ನನ್ನ ಅತ್ತೆ ಸೀರೆ ಉಟ್ಟವ್ಳು, ನಾನೂ ಸೀರೆ ಉಟ್ಟವ್ಳು. ಬೇಕಾರೆ ಇಟ್ಕಳ್ಳಿ, ಬ್ಯಾಡಾದ್ರೆ ಬಿಡಿ," ಎಂದಳು. ದಮಾಮಿ ಬಾರಿಸಲು ಅವಳಷ್ಟು ಗಟ್ಟಿ ಕೈ ಇನ್ನೊಂದಿರಲಿಲ್ಲ. ಹಾಗಾಗಿ ಇಟ್ಟುಕೊಂಡರು.

ಸ್ವಲ್ಪ ದಿನಕ್ಕೆ ಅತಿಥಿಗಳಿಗೆ ಕುಣಿತ ಸಾಲದಾಯಿತು. ಸಿದ್ದಿ ಮನೆ ತೋರಿಸುವುದು ಶುರುವಾಯಿತು. ಚಪ್ಪಲಿ ಹಾಕಿಕೊಂಡೇ ಒಳಕೋಣೆಯ ತನಕ ಬರುತ್ತಿದ್ದರು. ನಮ್ಮ ಗಂಜಿ ಪಾತ್ರೆಯ ಮುಚ್ಚಳ ತೆಗೆದು ಮೂಸುತ್ತಿದ್ದರು. ಒಬ್ಬಳು ನನ್ನ ತಲೆಗೂದಲನ್ನು ಕೇಳದೆ ಮುಟ್ಟಿ ನೋಡಿ ಗಂಡನಿಗೂ ಮುಟ್ಟಲು ಹೇಳಿದಳು. ನಾನು ನಕ್ಕೆ. ಮ್ಯಾನೇಜರು ಬಂದಾಗ ಮೂಲೆಯ ಕಾಯಿ ಕಂಡರು, ಇದೇನೆಂದು ಕೇಳಿದರು. ಬಾಯಿ ಮುಚ್ಚಿಕೊಂಡಿರದೆ ಪೂರ್ತಿ ವಿವರಿಸಿದವಳು ನಾನೇ. ಮುಂದಿನ ಶನಿವಾರದಿಂದ ರೆಸಾರ್ಟಿನ ಅಂಗಳದಲ್ಲಿ ಹುಲ್ಲಿನ ಗುಡಿಸಲು ಹಾಕಿ ಅದರೊಳಗೆ ಹಿರಿಯರ ಪೂಜೆಯೂ ಆಗಬೇಕು ಎಂದು ಹೇಳಿ ಹೋದರು.

ಅಜ್ಜಿ ಒಪ್ಪಲಿಲ್ಲ. "ಕರಿಯೂ ಹಾಡು ಹೇಳಿದ್ರೆ ಅವ್ರು ಬರ್ತಾರೆ. ಬಂದವ್ರನ್ನ ಅಲ್ಲಿ ಎಲ್ಲಿ ಕೂರ್ಸೂದು?"

"ಬರೀ ನಾಟ್ಕ ಅಜ್ಜಿ. ಯಕ್ಷಗಾನದಲ್ಲಿ ರಾಕ್ಷಸ ಬಂದ್ರೆ ನಿಜವಾಗ್ಲೂ ಬಂದಂಗಾ?" ಎಂದೆ.

"ರಾಕ್ಷಸ ಯಾರೋ ಬೇರೆಯವ. ಇವ್ರು ನನ್ನ ಅತ್ತೆ, ಮಾವ."

ಆದರೂ ಅವಳು ಹೋದಳು. ಕೆಲಸ ನನ್ನದಾಗಿತ್ತು, ಅವಳು ಹೋಗದಿದ್ದರೆ ಅದಕ್ಕೆ ಕುತ್ತು ಬರುತ್ತಿತ್ತು. ನನಗಾಗಿ ಹೋದಳು ಎಂದು ಗೊತ್ತಿದ್ದೂ ನಾನು ಗೊತ್ತಿಲ್ಲದವಳ ಹಾಗೆ ಇದ್ದೆ. ಸುಮ್ಮನೆ ತುಟಿಯಲ್ಲಿ ಗುನುಗು ಎಂದು ಹೇಳಿಕೊಟ್ಟಿದ್ದೆ. ಅಜ್ಜಿಗೆ ಸುಳ್ಳುಸುಳ್ಳೇ ಹಾಡಲು ಬರುತ್ತಿರಲಿಲ್ಲ. ಗುಡಿಸಲಿನ ಕಾಯಿಯ ಎದುರು ಕೂತು, ಮನೆಯಲ್ಲಿ ಕರೆಯುವ ಹಾಗೇ ಒಬ್ಬೊಬ್ಬರನ್ನೂ ಕರೆದಳು. ಎದುರಿಗೆ ಬೆತ್ತದ ಕುರ್ಚಿಗಳಲ್ಲಿ ಕೂತವರು ಕಾಲ ಮೇಲೆ ಕಾಲು ಹಾಕಿ ಏನೋ ಹುರಿದದ್ದು ತಿನ್ನುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಪ್ರತಿ ಶನಿವಾರ ಹೊಸ ಕಾಯಿ. ಪ್ರತಿ ಸಲ ಮನೆಗೆ ಬಂದ ಮೇಲೆ ಅಜ್ಜಿ ಕೇಳುತ್ತಿದ್ದಳು, "ಹಳೇ ಕಾಯಿ ಎಲ್ಲಿಟ್ಟಾರೆ?"

"ಒಳಗೆ ಇಟ್ಟಾರೆ ಅಜ್ಜಿ," ಎನ್ನುತ್ತಿದ್ದೆ. ನಾನು ನೋಡಿರಲಿಲ್ಲ. ನೋಡಬೇಕು ಅಂತಲೂ ಅನ್ನಿಸಿರಲಿಲ್ಲ.

ಮಳೆಗಾಲ ಮುಗಿದಂದಿನಿಂದ ಶಿವರಾತ್ರಿಯ ತನಕ ಹೀಗೇ ನಡೆಯಿತು. ಒಂದು ಭಾನುವಾರ ಬೆಳಗ್ಗೆ ರೆಸಾರ್ಟಿನ ಅಡುಗೆಮನೆಗೆ ಚಹಾಕ್ಕೆ ಹೋದೆ. ಅಂಕೋಲೆಯ ಕಡೆಯ ಅಡುಗೆಯವರು ಈಳಿಗೆಯ ಮೇಲೆ ಕಾಯಿ ತುರಿಯುತ್ತಿದ್ದರು. ಕರಟದ ಮೇಲೆ ಕುಂಕುಮ ಇತ್ತು. ಹಿಂದಿನ ಸಂಜೆ ಅಜ್ಜಿಯ ಬೆರಳು ಮೂಡಿಸಿದ ಕುಂಕುಮ ಅದು.

"ಇದು ಎಲ್ಲಿದು?" ಎಂದೆ.

"ಪೂಜೆ ಕಾಯಿ. ಪೂಜೆ ಕಾಯಿ ತಿನ್ನೂದೇ ಅಲ್ಲ?" ಎಂದರು ಆ ಮನುಷ್ಯ. ಅವರ ತಪ್ಪಲ್ಲ. ಅವರ ಊರಿನಲ್ಲಿ ದೇವರ ಕಾಯಿ ಎಂದರೆ ಪ್ರಸಾದ. ಆದರೆ ಪಕ್ಕದಲ್ಲಿ ಬಿಳಿ ಬಟ್ಟಲುಗಳ ಸಾಲು ಇತ್ತು, ಅತಿಥಿಗಳ ಇಡ್ಲಿಗೆ ಚಟ್ನಿ ಹೋಗುತ್ತಿತ್ತು. ಅಷ್ಟೂ ಭಾನುವಾರ ಹೋಗಿತ್ತು. ನಾನೂ ಅಲ್ಲೇ ನಿಂತು ಅದೇ ಚಟ್ನಿಯಲ್ಲಿ ಇಡ್ಲಿ ಅದ್ದಿ ತಿಂದಿದ್ದೆ, ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡಿದ್ದೆ. ಹಿತ್ತಿಲಿಗೆ ಹೋಗಿ ವಾಂತಿ ಮಾಡಿದೆ.

ಮ್ಯಾನೇಜರ ಹತ್ತಿರ ಹೋದರೆ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಕಾಯಿ ಅಂದ್ರ ಕಾಯಿ. ಸುಮ್ನ ಒಗೀಬೇಕೇನು? ತಿಂದವ್ರು ಯಾರೂ ಕಂಪ್ಲೇಂಟ್ ಮಾಡಿಲ್ಲಲಾ?"

ಅಜ್ಜಿಗೆ ಹೇಳದೆ ಮುಚ್ಚಿಡಬಹುದಿತ್ತು. ಅಷ್ಟು ತಿಂಗಳು ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಸುಳ್ಳು ಕಷ್ಟವಲ್ಲ. ಆದರೆ ಆ ದಿನ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ಅದೂ ನಿಲ್ಲಲಿಲ್ಲ. ಹೇಳಿಬಿಟ್ಟೆ. ಅಜ್ಜಿ ಕಸಬರಿಗೆ ಎತ್ತಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ಎತ್ತಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಹೊಸಿಲ ಮೇಲೆ ಕೂತು ಎಲೆ ಅಡಿಕೆಯ ಕವಳ ಹಾಕಿಕೊಂಡಳು.

"ಹಂಗಾರೆ ತಿಂದವ್ರೆಲ್ಲ ನಮ್ಮ ಮನೆಯವ್ರಾದ್ರು," ಎಂದಳು.

ನನಗೆ ಅರ್ಥವಾಗಲಿಲ್ಲ.

"ನಾನು ಅಲ್ಲಿ ಹಿರಿಯರ್ನ ಕರ್ದಿದ್ದೆ. ಅವ್ರು ಬಂದಾರೆ. ಸಾಲು ಇಲ್ದೆ ಕಾಯಿ ತಿಂದ್ರೆ ಅವ್ರು ಮನೆಗೆ ಹೆಂಗ್ ಬರೂದು? ಅಲ್ಲೇ ನಿಂತಿರ್ತಾರೆ. ತಿಂದವ್ರನ್ನ ಕರ್ಕಂಡ್ ಬಾ. ನಮ್ಮ ಮನೇಲಿ ಒಂದ್ ಸಲ ಕೂತು ತಿನ್ಲಿ, ಸಾಲು ಮುಗೀಲಿ. ಆಮೇಲೆ ಹಿರಿಯರೆಲ್ಲ ಮನೆಗೆ ಬರ್ತಾರೆ."

ಪುಣೆಗೆ ಹೋದವರನ್ನು ಎಲ್ಲಿಂದ ತರಲಿ? ಸಿಕ್ಕಿದವರು ಸಾಕು ಎಂದಳು. ಮ್ಯಾನೇಜರು ಬರಲಿ, ಅಡುಗೆಯವರು ಬರಲಿ, ಬರುವ ಭಾನುವಾರ ಚಟ್ನಿ ತಿಂದವರು ಬರಲಿ. ಆ ಶನಿವಾರ ಅವಳು ಬೇಕೆಂದೇ ಹೋಗಿ ಮತ್ತೆ ಕರೆದಳು. ಇದು ಕೊನೆಯ ಸಲ ಎಂದು ಹಿರಿಯರಿಗೆ ಹೇಳಿಯೇ ಕರೆದಳಂತೆ.

ಮ್ಯಾನೇಜರಿಗೆ ವಿಷಯ ಹೇಳಿದಾಗ ಕಣ್ಣು ಅರಳಿತು. "ಭಾಳ ಛಲೋ ಆತು. ಇದನ್ನ ಸ್ಪೆಷಲ್ ಪ್ರೋಗ್ರಾಂ ಮಾಡೂಣು!" ಎಂದರು. ತಿಂದವರು ಸಾಲು ಮುಗಿಸಬೇಕು ಎಂದು ನಾನು ಮೂರು ಸಲ ಹೇಳಿದೆ. ಅವರು ಮೂರು ಸಲವೂ "ಆತು, ಆತು" ಎಂದರು.

ಭಾನುವಾರ ಮಧ್ಯಾಹ್ನ ಎಂಟು ಜನ ಕ್ಯಾಮೆರಾ ತೂಗಿಕೊಂಡು ಇಳಿದರು. ಅಜ್ಜಿ ಬೆಳಗ್ಗೆಯೇ ನೆಲ ಸಾರಿಸಿದ್ದಳು. ಮನೆಯ ಮೂಲೆಯ ಕಾಯಿಯನ್ನು ಹಿರಿಯರ ದಿನ ಬರುವ ಮುಂಚೆಯೇ ತೆಗೆದು ಒಡೆದಿದ್ದಳು. ಅವಳ ಆಯಸ್ಸಿನಲ್ಲೇ ಅಂಥದ್ದು ಮಾಡಿರಲಿಲ್ಲ. ಸಾಲಾಗಿ ಬಾಳೆಲೆ, ಎಲೆಯ ಮೇಲೆ ಬೆಲ್ಲ ಕಲಸಿದ ಕಾಯಿ. ಅಡುಗೆಯವರು ಯಾರೂ ಹೇಳದೆ ಅಂಗಿ ತೆಗೆದಿಟ್ಟು ತುದಿಯಲ್ಲಿ ಕೂತರು. ನಾನು ಅವರ ಪಕ್ಕ, ಅಜ್ಜಿ ಇನ್ನೊಂದು ತುದಿಯಲ್ಲಿ. ನಡುವೆ ಎಂಟು ಜನ ಮತ್ತು ಮ್ಯಾನೇಜರು.

ತಿನ್ನಲು ಶುರುಮಾಡಿದ್ದು ನಾವು ಮೂವರೇ.

ಒಬ್ಬ ಎಲೆಯ ಫೋಟೋ ತೆಗೆದ. ಇನ್ನೊಬ್ಬಳು ಬೆರಳ ತುದಿಯಿಂದ ಚೂರು ಎತ್ತಿ, ಮೂಸಿ, ಮತ್ತೆ ಇಟ್ಟಳು. ಎಲೆ ಯಾವ ನೀರಿನಲ್ಲಿ ತೊಳೆದದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೆಳಗ್ಗೆ ಇವಳೇ ಬಟ್ಟಲು ಬಾಚಿ ಚಟ್ನಿ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮ್ಯಾನೇಜರು ನನ್ನ ಕಡೆ ಬಾಗಿ, "ಹೊಟ್ಟಿ ಕೆಟ್ರ ನನ್ನ ಮ್ಯಾಲ ಬರ್ತದ. ಏನೂ ಅನ್ಕೋಬ್ಯಾಡ್ರಿ," ಎಂದು ಎದ್ದರು. ಅವರ ಹಿಂದೆಯೇ ಎಂಟೂ ಜನ ಎದ್ದರು. ಅಂಗಳದಲ್ಲಿ ನಿಂತು ಬಿಸ್ಕೀಟಿನ ಪೊಟ್ಟಣ ಹಂಚಿಕೊಂಡರು.

ಅಜ್ಜಿ ನನ್ನ ಮುಖ ನೋಡಿದಳು. "ಯಾಕೆ ಎದ್ರು?"

"ಹೊಟ್ಟೆ ತುಂಬಿದೆಯಂತೆ ಅಜ್ಜಿ."

ಅವಳು ನಂಬಲಿಲ್ಲ. ಜೀಪು ಹೋಯಿತು. ಅಡುಗೆಯವರು ಎಲೆ ಖಾಲಿ ಮಾಡಿ, ಏಳಲೂ ಆಗದೆ ಕೂರಲೂ ಆಗದೆ ಚಡಪಡಿಸಿದರು. ಅವರನ್ನು ಅಜ್ಜಿಯೇ ಕಳಿಸಿದಳು. ತಾನು ಮಾತ್ರ ಒಂಬತ್ತು ತುಂಬಿದ ಎಲೆಗಳನ್ನು ನೋಡುತ್ತ, ದೀಪ ಹಚ್ಚುವ ಹೊತ್ತಿನ ತನಕ ಸಾಲಿನಲ್ಲೇ ಕೂತಿದ್ದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಾನು ನೋಡಿದ ಹಾಗೆ ತಿಂದವರು ಬಾಯಿ ಒರೆಸಿಕೊಂಡು ಹೋದರು. ಬಾಯಾರಿದ್ದು ನಮಗೆ.

ಮುಂದಿನ ಶನಿವಾರ ಅಜ್ಜಿ ದಮಾಮಿ ಮುಟ್ಟಲಿಲ್ಲ. ಒಂದು ಎಲೆಯಲ್ಲಿ ಅನ್ನ, ಬೆಲ್ಲ ಹಾಕಿಕೊಂಡು ರೆಸಾರ್ಟಿನ ಗೇಟಿನ ಎದುರು ಇಟ್ಟು ಬಂದಳು. "ಅವ್ರು ಒಳಗಿದ್ದಾರೆ. ಕರ್ದವ್ಳು ನಾನು. ಉಪವಾಸ ಬಿಡೂಕಾಗ್ತದಾ?" ಎಂದಳು. ಪ್ರತಿ ಶನಿವಾರ ಇಟ್ಟಳು. ಕಾವಲುಗಾರ ಗುಡಿಸಿ ಹಾಕುತ್ತಿದ್ದ. ಒಂದು ತಿಂಗಳಾದ ಮೇಲೆ ಗುಡಿಸುವುದು ನಿಂತಿತು. ಮ್ಯಾನೇಜರು ಅತಿಥಿಗಳನ್ನು ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸಿ ಅಜ್ಜಿ ಬರುವುದನ್ನು ತೋರಿಸತೊಡಗಿದ್ದರು. ಇದರ ಅರ್ಥವನ್ನು ಇಂಗ್ಲಿಷಿನಲ್ಲಿ ವಿವರಿಸಬೇಕೆಂದು ನನಗೆ ಹೇಳಿದರು. ಮೈಕನ್ನು ಅವರ ಮೇಜಿನ ಮೇಲಿಟ್ಟು ಬಂದವಳು ಮತ್ತೆ ಆ ಗೇಟು ದಾಟಲಿಲ್ಲ. ಬಹಳ ತಡವಾಗಿ ಬಿಟ್ಟೆ, ಅದಕ್ಕಾಗಿ ನನ್ನ ಬೆನ್ನು ನಾನು ತಟ್ಟಿಕೊಳ್ಳುವುದಿಲ್ಲ.

ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ನಡೆಯಲಾಗದೆ ಎಲೆಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು, ಬಂದ ಮೇಲೆ "ಇಟ್ಯಾ?" ಎಂದು ಕೇಳುತ್ತಿದ್ದಳು. ಆಗ ಮಾತ್ರ ನಾನು ಸುಳ್ಳು ಹೇಳಲಿಲ್ಲ.

ಈಗ ಹಿರಿಯರ ದಿನ ಮೂಲೆಗೆ ಮುಖ ಮಾಡಿ ಕೂರುವವಳು ನಾನು. ಹಾಡು ಬರುತ್ತದೆ, ಎಲ್ಲರನ್ನೂ ಕರೆಯುತ್ತೇನೆ, ಅಜ್ಜಿಯನ್ನೂ ಕರೆಯುತ್ತೇನೆ. ಆದರೆ ಅವಳು ಮನೆಯಲ್ಲಿರುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ. ತಾನು ಕರೆದವರನ್ನು ಹೊರಗೆ ನಿಲ್ಲಿಸಿ ಒಳಗೆ ಬಂದು ಕೂರುವ ಹೆಂಗಸಲ್ಲ ಅವಳು. ಅದಕ್ಕೇ ಸಾಲು ಕೂರುವ ಮೊದಲು ಒಂದು ಎಲೆ ಕಟ್ಟಿಕೊಂಡು ಆ ಗೇಟಿನ ತನಕ ನಡೆಯುತ್ತೇನೆ. ಹೋದ ಪ್ರತಿ ಸಲವೂ ಬಾಯಿ ತುಂಬ ಎಂಜಲು ಬರುತ್ತದೆ, ಆ ಗೇಟಿನ ಮೇಲೆ ಉಗಿಯೋಣ ಅನ್ನಿಸುತ್ತದೆ. ಉಗಿಯುವುದಿಲ್ಲ, ನುಂಗಿಕೊಳ್ಳುತ್ತೇನೆ. ಒಳಗೆ ನಮ್ಮವರಿದ್ದಾರೆ.