ತಾತನ ಫೋನಿನ ಸಣ್ಣ ಪಿನ್ನು

ಮಕ್ಕಳೇ, ಮೊನ್ನೆ ಊಟಕ್ಕೆ ಕೂತಾಗ ನೀವು ಒಂದು ಸುದ್ದಿ ಹೇಳಿದಿರಿ. ಎಲ್ಲ ಫೋನಿಗೂ ಒಂದೇ ಥರದ ಚಾರ್ಜರ್ ಇರಬೇಕೆಂದು ಯುರೋಪಿನಲ್ಲಿ ಕಾನೂನು ಮಾಡಿದ್ದಾರೆ, ನಮ್ಮಲ್ಲೂ ಬರುತ್ತದಂತೆ ಎಂದು. ಮನೆ ತುಂಬಾ ವೈರು ಬಿದ್ದಿರುವುದು ತಪ್ಪುತ್ತದೆ ಎಂದು ನಿಮ್ಮಮ್ಮ ನಕ್ಕಳು. ನಾನು ಅರ್ಧ ಮುದ್ದೆ ಬಿಟ್ಟು ಎದ್ದೆ. ಯಾಕೆ ಎಂದು ನೀವು ಕೇಳಿದಿರಿ. ನಾಲ್ಕು ಜನರ ಮುಂದೆ ಹೇಳುವುದು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇದೆಯಲ್ಲ, ಬರೆಯುತ್ತೇನೆ.

ನಿಮ್ಮ ತಾತನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ನಮ್ಮಿಬ್ಬರಿಗೂ ಯಾರ ನಂಬರೂ ಬಾಯಿಗೆ ಬರುತ್ತಿರಲಿಲ್ಲ. ಅಂಗಡಿಯವನು ಒಂದೊಂದು ಗುಂಡಿಗೆ ಒಬ್ಬೊಬ್ಬರನ್ನು ಹಾಕಿಕೊಟ್ಟಿದ್ದ. ಎರಡನ್ನು ಒತ್ತಿ ಹಿಡಿದರೆ ಮಾಲೂರಿನಲ್ಲಿ ನಿಮ್ಮಮ್ಮ. ಮಗಳ ನಂಬರೆಂದರೆ ನನಗೆ ಎರಡು, ಅಷ್ಟೇ.

ಆ ದಿನ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅವರು ಎದೆ ಹಿಡಿದುಕೊಂಡು ಕೂತುಬಿಟ್ಟರು. ಪಕ್ಕದ ಮನೆಯಾತ ತನ್ನ ಟೆಂಪೋದಲ್ಲಿ ನಮ್ಮಿಬ್ಬರನ್ನೂ ಕೋಲಾರಕ್ಕೆ ಕರೆದುಕೊಂಡು ಹೋಗಿ ಅವರನ್ನು ಆಸ್ಪತ್ರೆಗೆ ಸೇರಿಸಿದ. ಅವನ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಅವತ್ತೇ ಬಿದಿರಿನ ಚಂದ್ರಿಕೆಗೆ ಬಿಡಬೇಕಿತ್ತು. ಹುಳು ಹಣ್ಣಾದ ದಿನ ಯಾರನ್ನೂ ನಿಲ್ಲು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವನು ಹೋದ ಮೇಲೆ ನಾನು ಫೋನು ತೆಗೆದೆ. ಚಾರ್ಜು ಮುಗಿದು ಆಫ್ ಆಗಿತ್ತು. ಚಾರ್ಜರು ಮನೆಯಲ್ಲಿತ್ತು.

ವಾರ್ಡಿನಲ್ಲಿದ್ದವರೆಲ್ಲ ತಮ್ಮ ತಮ್ಮ ವೈರು ಕೊಟ್ಟರು. ಒಂದರ ಮೂತಿ ಅಗಲ, ಒಂದರದು ಚಪ್ಪಟೆ. ನಮ್ಮದಕ್ಕೆ ದಬ್ಬಣದ ತುದಿಯಂಥ ಸಣ್ಣ ಪಿನ್ನು ಬೇಕು. ಮುಳಬಾಗಿಲು ಕಡೆಯ ಹೆಂಗಸೊಬ್ಬಳು ತಿರುಗಿಸಿ ಮುರುಗಿಸಿ ನೋಡಿ, ಆಗುವುದಿಲ್ಲವೆಂದು ತೆಲುಗಿನಲ್ಲಿ ಹೇಳಿದಳು. ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿ, "ನಿನ್ ಫೋನು ನಮ್ಮತ್ತೆ ಇದ್ದಂಗೈತೆ ಕಣಮ್ಮ, ಯಾರ್ ಏನ್ ಕೊಟ್ರೂ ಒಲ್ಲೆ ಅಂತೈತೆ" ಎಂದಳು. ಪಕ್ಕದ ಮಂಚದವರು ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಅವಳ ಗಂಡ ನಮ್ಮ ಸಿಮ್ಮನ್ನು ತನ್ನ ಫೋನಿಗೆ ಹಾಕಿ ನೋಡಿದ. ಅದರಲ್ಲಿ ಒಂದು ಹೆಸರೂ ಇರಲಿಲ್ಲ, ಎಲ್ಲ ನಮ್ಮ ಫೋನಿನೊಳಗೇ ಇದ್ದವಂತೆ. ನಾನು ಎರಡನ್ನು ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಅವನು ಸಿಮ್ಮನ್ನು ನಮ್ಮ ಫೋನಿಗೇ ವಾಪಸ್ ಹಾಕಿಕೊಟ್ಟ.

ನಿಮ್ಮ ತಾತ ಮೂಗಿನ ಮೇಲಿನ ಆಕ್ಸಿಜನ್ ಮುಸುಕನ್ನು ಸರಿಸಿ, "ಎರಡು ಒತ್ತೇ. ಕೂಸು ಬರ್ತಾಳೆ" ಎಂದರು.

"ಒತ್ತಿದೀನಿ. ಹೊರಟವ್ಳೆ" ಎಂದೆ.

ಅವರು ಬಾಗಿಲ ಕಡೆ ನೋಡುತ್ತಾ ಮಲಗಿದರು.

ಅವರನ್ನು ನೋಡಿಕೊಳ್ಳಲು ಆ ಹೆಂಗಸಿಗೆ ಹೇಳಿ ಬೀದಿಗೆ ಬಂದೆ. ಅಂಗಡಿಗಳಲ್ಲಿ ಹೊಸ ಥರದವೇ ನೇತಾಡುತ್ತಿದ್ದವು. ಆ ಪಿನ್ನು ಈಗ ಯಾರಮ್ಮ ಇಡುತ್ತಾರೆ ಎಂದು ಒಬ್ಬ ತಲೆ ಎತ್ತದೆಯೇ ಕೇಳಿದ. ಕೊನೆಗೆ ಒಂದು ಬೇಕರಿಯ ಮುದುಕನ ಹತ್ತಿರ ನಮ್ಮಂಥದ್ದೇ ಫೋನಿತ್ತು. ಅವನ ವೈರಿಗೆ ಸಿಕ್ಕಿಸಿ, ಬನ್ನಿನ ಗಾಜಿನ ಪಕ್ಕ ನಿಂತು, ಅದು ಬೆಳಗುವುದನ್ನೇ ಕಾದೆ. ಎರಡನ್ನು ಒತ್ತಿದೆ. "ಅಪ್ಪಾ, ಊಟ ಆಯ್ತಾ?" ಎಂದಳು ನಿಮ್ಮಮ್ಮ.

ನಾನು ವಾರ್ಡಿಗೆ ಹಿಂತಿರುಗಿದಾಗ ಆ ಹೆಂಗಸು ಮಂಚದ ಹತ್ತಿರ ಎದ್ದು ನಿಂತಿದ್ದಳು. ಅವಳು ಹೇಳುವುದು ಬೇಕಾಗಲಿಲ್ಲ.

ಹೆಣವನ್ನು ಊರಿಗೆ ತಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ ನಿಮ್ಮಮ್ಮ ಬಂದಳು. ಅತ್ತು ಅತ್ತು, ನೆಂಟರೆಲ್ಲ ಸುತ್ತ ಇರುವಾಗಲೇ, "ಬೆಳಿಗ್ಗೇನೇ ಯಾಕಮ್ಮ ಫೋನ್ ಮಾಡ್ಲಿಲ್ಲ ನೀನು?" ಎಂದು ಕೇಳಿದಳು.

ಪಿನ್ನು ಸಣ್ಣದಿತ್ತು ಎಂದು ಹೇಗೆ ಹೇಳಲಿ? ಹೆಣದ ಮುಂದೆ ಆ ಮಾತು ತೀರಾ ಹಗುರ ಅನ್ನಿಸಿತು. ಅವಳು ಮತ್ತೆ ಕೇಳಲಿಲ್ಲ. ನನ್ನನ್ನು ಕರೆದುಕೊಂಡು ಬಂದು ಇಟ್ಟುಕೊಂಡಿದ್ದಾಳೆ, ಯಾವುದಕ್ಕೂ ಕಡಿಮೆ ಮಾಡಿಲ್ಲ. ಅಪ್ಪನ ಮಾತು ಬಂದಾಗ ಮಾತ್ರ ನನ್ನ ಕಡೆ ನೋಡುವುದಿಲ್ಲ.

ಅವಳು ಕೇಳಿದ್ದಕ್ಕೆ ಉತ್ತರ ಇದು. ನೀವೇ ಅವಳಿಗೆ ಓದಿ ಹೇಳಿ. ಅವರು ಬಾಗಿಲ ಕಡೆ ನೋಡುತ್ತಿದ್ದ ಸಾಲನ್ನು ಮಾತ್ರ ಬಿಟ್ಟು ಓದಿ.