ಸಹಿಗೆ ಬಿಟ್ಟ ಜಾಗ

ಟ್ರಂಕಿನ ತಳದಲ್ಲಿ, ಹಳೆಯ ಹಾಜರಿ ಪುಸ್ತಕದ ನಡುವೆ ಒಂದು ಕಾರ್ಬನ್ ಹಾಳೆ ಸಿಕ್ಕಿತು. ಮೂಗಿಗೆ ಹಿಡಿದೆ. ಸೀಮೆಎಣ್ಣೆಗೂ ಮೇಣಕ್ಕೂ ನಡುವಿನ ಆ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು... ಸೊರಬದ ಒಂದು ಸರ್ಕಾರಿ ಕಚೇರಿಯ ಅಂಗಳ, ಅಲ್ಲಿನ ಹೊಂಗೆಮರ, ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಡುತ್ತಿದ್ದ ಹಿರಿಯರು. ನಾವೆಲ್ಲ ಅವರನ್ನು ಅರ್ಜಿ ಸಾಬರು ಎನ್ನುತ್ತಿದ್ದೆವು.

ತೊಂಬತ್ತರ ದಶಕದ ಮಾತು. ನಾನು ಜಡೆ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಿದ್ದೆ. ಮಕ್ಕಳಿಗೆ ದಿನಕ್ಕೊಂದು ಹಿಟ್ಟಿನ ಉಂಡೆ ಕಟ್ಟಿಕೊಡುವುದು ನನ್ನ ಕೆಲಸ. ಒಂದು ತಿಂಗಳು ಹಿಟ್ಟಿನ ಚೀಲ ಅರ್ಧಕ್ಕರ್ಧ ಕಡಿಮೆ ಬಂತು. ಉಂಡೆ ನೆಲ್ಲಿಕಾಯಿಯಷ್ಟಾಯಿತು. ಮಕ್ಕಳ ಕೈ ನೋಡಿದ ತಾಯಂದಿರು ನನ್ನ ಮುಖ ನೋಡತೊಡಗಿದರು. "ಅಕ್ಕೋರ ಮನೇಲಿ ರೊಟ್ಟಿ ಜೋರಾಗದೆ" ಎಂದು ಬಾವಿಕಟ್ಟೆಯಲ್ಲಿ ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ಕಳ್ಳಿ ಅನ್ನಿಸಿಕೊಂಡು ಆ ಊರಲ್ಲಿ ಬದುಕುವುದು ಹೇಗೆ? ನನ್ನ ಬಳಿ ಇದ್ದದ್ದು ಒಂದು ಸುತ್ತೋಲೆ ಮಾತ್ರ. ಬಜೆಟ್ಟಿನಲ್ಲಿ ಅನುದಾನ ಇಳಿಸಿದ್ದೇವೆ ಎಂಬುದನ್ನು ಅದು ಎರಡು ಪುಟ ಸುತ್ತಿ ಬಳಸಿ ಹೇಳಿತ್ತು. ಓದಿ ಹೇಳಿದರೆ ಯಾರಿಗೂ ತಿಳಿಯಲಿಲ್ಲ, ನನಗೂ ಅಷ್ಟಕ್ಕಷ್ಟೆ.

ಹಿಟ್ಟು ಹೆಚ್ಚಿಸಿ ಎಂದು ಅರ್ಜಿ ಬರೆಸಲು ಸಾಬರ ಬಳಿ ಹೋದೆ. ಅವರು ಸುತ್ತೋಲೆಯನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು.

"ಮೇಲಕ್ಕೆ ಬೇಡ್ರೀ ಅಕ್ಕೋರೆ. ಕೆಳಕ್ಕೆ ಬರಿಯಾಣ."

ಒಂದೇ ಕಾರ್ಬನ್ನನ್ನು ತೂತು ಬೀಳುವವರೆಗೆ ಬಳಸುವ ಮನುಷ್ಯ, ಅವತ್ತು ಐದು ಹಾಳೆಗಳ ನಡುವೆ ನಾಲ್ಕು ಹೊಸ ಕಾರ್ಬನ್ ಇಟ್ಟು ಟೈಪ್‌ರೈಟರಿಗೆ ಏರಿಸಿದರು. ಅರ್ಜಿಯ ನಮೂನೆ ಬಿಟ್ಟರೆ ಅವರಿಗೆ ಬೇರೆ ಬರವಣಿಗೆ ಗೊತ್ತಿರಲಿಲ್ಲ. ಹಾಗಾಗಿ ಮೊದಲ ಸಾಲಿನಲ್ಲೇ "ಗ್ರಾಮದ ಸಮಸ್ತ ತಾಯಂದಿರ ಘನ ಸನ್ನಿಧಾನಕ್ಕೆ" ಎಂದು ಕುಟ್ಟಿದರು. ನನಗೆ ನಗು ಬಂತು. ಅವರು ನಗಲಿಲ್ಲ.

"ಇಷ್ಟು ವರ್ಷ ಇವ್ರ ಹೆಬ್ಬೆಟ್ಟು ಒತ್ತಿಸಿ ಸಾಹೇಬ್ರಿಗೆ ಸನ್ನಿಧಾನ ಅಂತ ಬರ್ದೀನಿ. ಖಜಾನೆ ಇವ್ರದ್ದಲ್ವಾ? ಇವ್ರಿಗೂ ಒಂದ್ಸಲ ಬರಿಯಾಣ."

ಕೆಳಗೆ ನಾಲ್ಕೇ ಸಾಲು. ಮಕ್ಕಳ ಹಿಟ್ಟಿಗೆ ಎತ್ತಿಟ್ಟಿದ್ದ ದುಡ್ಡನ್ನು ಸರ್ಕಾರ ಅರ್ಧ ಮಾಡಿದೆ, ಅಕ್ಕೋರು ಕದ್ದಿಲ್ಲ, ಕೇಳುವ ಹಕ್ಕು ನಿಮ್ಮದು. ಓದು ಬಾರದವರಿಗೆಂದು ರಿಬ್ಬನ್ ಡಬ್ಬಿಯ ಮುಚ್ಚಳ ಇಟ್ಟು ಒಂದು ದೊಡ್ಡ ಸೊನ್ನೆ, ಗೋಂದಿನ ಸೀಸೆಯ ಮುಚ್ಚಳ ಇಟ್ಟು ಒಂದು ಚಿಕ್ಕ ಸೊನ್ನೆ ಒತ್ತಿ ಎಳೆದರು. ಹೋದ ವರ್ಷದ ಉಂಡೆ, ಈ ವರ್ಷದ ಉಂಡೆ. ಕೊನೆಗೆ "ಇಂತಿ ತಮ್ಮ ವಿಧೇಯ" ಎಂದು ಹೊಡೆದು ನಿಲ್ಲಿಸಿದರು.

"ಸಹಿ ಯಾರ್ದು ಸಾಬ್ರೆ?"

"ಸರ್ಕಾರದ್ದು. ಬಂದು ಹಾಕ್ಲಿ ಬಿಡಿ."

ಒಂದು ಹಾಳೆ ಅಂಗನವಾಡಿಯ ಬಾಗಿಲಿಗೆ ಅಂಟಿಸಿದೆ. ಉಳಿದವು ಬೇರೆ ಊರಿನ ಅಂಗನವಾಡಿಗಳಿಗೆಂದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಶಿಕಾರಿಪುರದ ಕಡೆಗೆ ಹೋದವು. ವಾರದೊಳಗೆ ತೊಗರ್ಸಿಯಿಂದ ಒಂದು ವಾಪಸ್ ಬಂತು. ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: "ನಮ್ಮಲ್ಲೂ ಹಿಂಗೇ ಆಗೇತ್ರಿ. ಇನ್ನಷ್ಟು ಕಳಸ್ರಿ."

ನನ್ನನ್ನು ಅನುಮಾನಿಸಿದ ತಾಯಂದಿರೇ ಸೆರಗಿನಲ್ಲಿ ಉಂಡೆ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಸೊರಬದ ಬಸ್ಸು ಹತ್ತಿದರು. ಅಧಿಕಾರಿಯ ಮೇಜಿನ ಮೇಲೆ ಉಂಡೆಗಳನ್ನು ಸಾಲಾಗಿ ಇಟ್ಟರು. "ಇದ್ನ ತಿಂದು ಸಂಜೆ ತನಕ ಕೂತ್ಕಳಿ ಸಾಹೇಬ್ರೆ, ನೋಡಾಣ" ಎಂದಳು ಒಬ್ಬಳು. ಸುತ್ತೋಲೆ ಹೊರಗೆ ಕೊಟ್ಟವರು ಯಾರು ಎಂದು ಅಧಿಕಾರಿ ಗುಡುಗಿದರು. ನಾನೇ ಎಂದೆ. ಮೂರು ತಿಂಗಳು ಗೌರವಧನ ತಡೆದರು. ಇವತ್ತು ಕೇಳಿದರೂ ನಾನೇ ಎನ್ನುತ್ತೇನೆ.

ಸಾಬರನ್ನು ಅಂಗಳದಿಂದ ಎಬ್ಬಿಸಿದರು. ಅವರು ಗೇಟಿನಾಚೆ, ನೆರಳಿಲ್ಲದ ರಸ್ತೆ ಬದಿಯಲ್ಲಿ ಮೇಜು ಹಾಕಿಕೊಂಡರು. ನಾನು ಕಣ್ಣೀರು ಹಾಕಿದರೆ, "ಇಲ್ಲಿ ಜನ ಜಾಸ್ತಿ ಓಡಾಡ್ತಾರ್ರೀ" ಎಂದರು. ಬಾಗಿಲಿಗೆ ಅಂಟಿಸಿದ ಹಾಳೆಯನ್ನು ಇಲಾಖೆಯವರು ಹರಿದು ಹಾಕಿದ್ದು ಹೇಳಿದಾಗ ಈ ಕಾರ್ಬನ್ ತೆಗೆದುಕೊಟ್ಟರು. "ಬೆಳಕಿಗೆ ಹಿಡಿದ್ರೆ ಎಲ್ಲಾ ಕಾಣ್ತದೆ. ಇಟ್ಕಳಿ."

ಉಂಡೆ ದೊಡ್ಡದಾಗಲು ಮುಂದಿನ ಬಜೆಟ್ಟೇ ಬರಬೇಕಾಯಿತು, ಆಗಲೂ ಮೊದಲಿನಷ್ಟಲ್ಲ. ಅಷ್ಟರಲ್ಲಿ ಸಾಬರ ಮೇಜು ಖಾಲಿಯಾಗಿತ್ತು. ಜ್ವರ ಎಂದರು, ಬಿಸಿಲು ಎಂದರು... ನನಗೆ ಸುದ್ದಿ ತಲುಪಿದ್ದೇ ವಾರದ ಮೇಲೆ. ಮಣ್ಣಿಗೂ ಹೋಗಲಾಗಲಿಲ್ಲವಲ್ಲ ಎಂಬ ಸಂಕಟ ಇನ್ನೂ ಇಳಿದಿಲ್ಲ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಷರಗಳಿವೆ, ಎರಡು ಸೊನ್ನೆಗಳೂ ಇವೆ. ತಮ್ಮ ವಿಧೇಯ ಎಂಬುದರ ಕೆಳಗೆ ಕಪ್ಪು ಮಾತ್ರ ಹಾಗೇ ಉಳಿದಿದೆ. ಮತ್ತೆ ಟ್ರಂಕಿಗೆ ಹಾಕಲು ಮನಸ್ಸಾಗಲಿಲ್ಲ. ರಸ್ತೆಗೆ ಕಾಣುವ ಹಾಗೆ ಕಿಟಕಿಯ ಗಾಜಿಗೇ ಅಂಟಿಸಿದ್ದೇನೆ. ಬಂದು ಸಹಿ ಹಾಕಲಿ.