ಆಯಿ ನೋಡದ ಕೊನೆಯ ರೀಲು

ಆ ಸಿನಿಮಾವನ್ನು ಚಿಕ್ಕಂದಿನಲ್ಲಿ ಮೂರು ಸಲ ನೋಡಿದ್ದೇನೆ. ಮೂರು ಸಲವೂ ಕೊನೆ ನೋಡಿಲ್ಲ. ಹೇಳಿದರೆ ಈಗಿನವರು ನಗುತ್ತಾರೆ; ನಗಲಿ. ನಮ್ಮದು ಮೂಡಲಗಿಯ ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗುವಂತಿಲ್ಲ. ಎಮ್ಮೆ, ಅಡುಗೆ, ಮುಸುರೆ ಎಲ್ಲ ಮುಗಿಸಿ ಗೋಕಾಕದ ಬಸ್ಸು ಹಿಡಿದರೆ ನಮಗೆ ಸಿಗುತ್ತಿದ್ದುದು ಮೂರು ಗಂಟೆಯ ಆಟ. ಅದು ಬಿಡುವಾಗ ಆರು ದಾಟಿರುತ್ತಿತ್ತು. ಚಳಿಗಾಲದಲ್ಲಿ ಅಷ್ಟೊತ್ತಿಗೆ ಕತ್ತಲೆ. ಹಾಗಾಗಿ ಐದೂಮುಕ್ಕಾಲಾಗುತ್ತಲೇ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೆರಗು ಝಾಡಿಸಿಕೊಂಡು ಎದ್ದು ನಿಲ್ಲುತ್ತಿದ್ದಳು. ಗಡಿಯಾರವಿಲ್ಲದ ಥೇಟರಿನ ಕತ್ತಲಲ್ಲಿ ಅವಳಿಗೆ ಹೊತ್ತು ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ.

“ಏಳ್ರಿ, ಏಳ್ರಿ. ಹೊತ್ತ ಮುಳಗಾಕ ಬಂತು.”

“ಕುಂದರ ಮುದಕಿ, ಪಡದೆ ಕಾಣವಲ್ದು!” ಎಂದು ಹಿಂದಿನಿಂದ ಯಾರಾದರೂ ಕೂಗಿದರೆ, “ಕಾಣದಿದ್ರ ಸಾಯೂದಿಲ್ಲ ತಗೋ” ಎಂದು ಅಲ್ಲೇ ತಿರುಗಿ ಕೊಡುತ್ತಿದ್ದಳು. ಥೇಟರಿನ ಅಂಗಳದ ಬೇವಿನ ಗಿಡದ ಕೆಳಗೆ ರೊಟ್ಟಿ, ಹೆಸರುಕಾಳಿನ ಪಲ್ಯ, ಮನೆಯಿಂದಲೇ ಸೋಸಿ ತಂದ ನೀರು. ನಾವು ಕೈ ತೊಳೆಯುವಷ್ಟರಲ್ಲಿ ಜನ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಕಥೆ ಇಷ್ಟೇ. ಗಂಡನ ಏಟು ತಾಳಲಾರದೆ ಒಬ್ಬಳು ಕೂಸನ್ನು ಕಟ್ಟಿಕೊಂಡು ಮನೆ ಬಿಡುತ್ತಾಳೆ. ಬೇರೆ ಊರಲ್ಲಿ ಖಾನಾವಳಿ ಹಾಕಿ, ಬಡಿದ ರೊಟ್ಟಿಯ ಮೇಲೆ ತನ್ನ ಬಾಳು ಕಟ್ಟಿಕೊಳ್ಳುತ್ತಾಳೆ. ವರ್ಷಗಳ ಮೇಲೆ ಗಂಡ ಬಂದು ಬಾಗಿಲ ಹೊರಗೆ ನಿಲ್ಲುತ್ತಾನೆ, ಮನೆಗೆ ಬಾ ಎನ್ನುತ್ತಾನೆ. ಒಳಗೆ ಅವಳ ಕೈ ಚಿಲಕದ ಮೇಲೆ. ಸರಿಯಾಗಿ ಅಲ್ಲಿಗೆ ಆಯಿ ಏಳುತ್ತಿದ್ದಳು.

ಮೊದಲ ಸಲ ನೋಡಿ ಬರುವಾಗ ಬಸ್ಸಿನಲ್ಲಿ ಅತ್ತೆಯನ್ನು ಕೇಳಿದೆ. ಅತ್ತೆ ಎಂದರೆ ಅಪ್ಪನ ತಂಗಿ. ಹುಕ್ಕೇರಿಯ ಗಂಡನ ಮನೆಯಿಂದ ಒಂದು ಟ್ರಂಕು ಹೊತ್ತು ಬಂದು ಆರು ತಿಂಗಳಾಗಿತ್ತು. ಅವಳ ಗಂಡನಿಗೆ ಮಾತಿಗಿಂತ ಕೈ ಮುಂದು. ಅವಳ ತೋಳಿನ ಮೇಲಿನ ಕಲೆ ನಾವೆಲ್ಲ ನೋಡಿದ್ದೆವು, ಆದರೂ ಅಪ್ಪ ಮತ್ತು ಕಾಕಾ ಇವತ್ತಲ್ಲ ನಾಳೆ ಅವಳನ್ನು ತಿರುಗಿ ಕಳಿಸುವ ಮಾತೇ ಆಡುತ್ತಿದ್ದರು.

“ಅತ್ತಿ, ಆಕಿ ಬಾಗಲಾ ತಗದ್ಳೇನ?”

ಅತ್ತೆ ತೋಳಿನ ಮೇಲೆ ಸೆರಗು ಎಳೆದುಕೊಂಡಳು. “ತಗೀಲಿಲ್ಲ. ಚಿಲಕದ ಮ್ಯಾಲಿನ ಕೈ ತಕ್ಕೊಂಡ್ಳು. ‘ನಿಮ್ಮ ಮನಿ ನಿಮಗಿರಲಿ, ನನ್ನ ಮನಿ ನನಗೈತಿ’ ಅಂದ್ಳು. ಹೋಗಿ ರೊಟ್ಟಿ ಬಡ್ಯಾಕ ಕುಂತ್ಳು. ಅಲ್ಲಿಗೆ ಪಿಕ್ಚರ್ ಮುಗೀತು.”

ಮುಂದಿನ ಸೀಟಿನಿಂದ ಆಯಿ ತಿರುಗಿದಳು. “ಖರೆ?”

“ಖರೆ ಅವ್ವಾ. ಹುಕ್ಕೇರ್ಯಾಗ ಮಧ್ಯಾಹ್ನ ಹನ್ನೆರಡರ ಆಟ ಪೂರಾ ನೋಡೇನಿ.”

“ಛಲೋ ಮಾಡಿದ್ಳು ತಗೋ,” ಎಂದಳು ಆಯಿ.

ಅದಾದ ಮೇಲೆ ಒಂದು ರವಿವಾರ ಹುಕ್ಕೇರಿಯಿಂದ ಮಾಮಾ, ಅಂದರೆ ಅತ್ತೆಯ ಗಂಡ, ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಕಾಕಾ ಮೊದಲೇ ಅತ್ತೆಯ ಟ್ರಂಕು ತಂದು ಹೊರಗೆ ಇಟ್ಟುಬಿಟ್ಟಿದ್ದ. ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಸಂಸಾರ ಅಂದಮ್ಯಾಲ ಒಂದ ಮಾತು ಬರತೈತಿ, ಒಂದ ಮಾತು ಹೋಗತೈತಿ,” ಎಂದರು ಹಿರಿಯರೊಬ್ಬರು. ಅಪ್ಪ ತಲೆಯಾಡಿಸಿ, “ನೀ ಏನಂತಿ ಅವ್ವಾ?” ಎಂದು ಆಯಿಯತ್ತ ನೋಡಿದ.

ಆಯಿ ಅಳಲಿಲ್ಲ, ಬೈಯಲಿಲ್ಲ. “ಗೋಕಾಕದಾಗ ಒಂದ ಪಿಕ್ಚರ್ ಹಾಕ್ಯಾರ. ಅದರಾಗಿನ ಹೆಣ್ಣಮಗಳಿಗೆ ಅವ್ವ ಇಲ್ಲ, ಅಪ್ಪ ಇಲ್ಲ. ಗಂಡ ಬಂದು ಕರದ್ರ ಆಕಿ ಬಾಗಲಾ ತಗೀಲಿಲ್ಲ. ನನ್ನ ಮಗಳಿಗೆ ನಾ ಇನ್ನೂ ಜೀವಂತ ಅದೇನಿ. ಈಕಿ ಯಾಕ ಹೋಗಬೇಕು? ನಾ ಕಳಸೂದಿಲ್ಲ.”

ಬಂದವರು ಜಗಳಕ್ಕೆ ತಯಾರಾಗಿ ಬಂದಿದ್ದರು, ಸಿನಿಮಾಕ್ಕೆ ತಯಾರಾಗಿರಲಿಲ್ಲ. ಅಪ್ಪನೂ ಕಾಕಾನೂ ಥೇಟರಿನ ಮೆಟ್ಟಿಲು ಹತ್ತಿದವರಲ್ಲ. ಆಯಿ ಸುಳ್ಳು ಹೇಳುವವಳಲ್ಲ ಎಂಬುದಂತೂ ಊರಿಗೇ ಗೊತ್ತು. ಬಂದವರು ಜಮಖಾನೆ ಬಿಟ್ಟು ಎದ್ದರು. ಟ್ರಂಕನ್ನು ಕಾಕಾನೇ ಒಳಗೆ ತಂದಿಟ್ಟ. ಮುಂದೆ ಅತ್ತೆ ಶ್ಯಾವಿಗೆಯ ಯಂತ್ರ ಹಾಕಿದಳು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಹಿಟ್ಟಿನ ಡಬ್ಬಿ ಹಿಡಿದು ನಮ್ಮ ಬಾಗಿಲಲ್ಲಿ.

ನಾನು ಬೆಳೆದದ್ದು ಆ ತೆಗೆಯದ ಬಾಗಿಲಿನ ಮೇಲೆಯೇ. ಹತ್ತನೆಯ ಇಯತ್ತೆ ಮುಗಿದ ಕೂಡಲೆ ವರ ಗೊತ್ತು ಮಾಡಿದಾಗ ಕೋಣೆಯ ಒಳಗಿನಿಂದ ಚಿಲಕ ಹಾಕಿಕೊಂಡು ಕೂತೆ. ಎರಡು ದಿನಕ್ಕೆ ಅಪ್ಪ ಸೋತ. ಮಾಸ್ತರಿಕೆ ಕಲಿತೆ, ಸಾಲೆಯ ನೌಕರಿ ಹಿಡಿದೆ, ನೌಕರಿ ಬಿಡುವುದಿಲ್ಲ ಎಂದು ಮೊದಲೇ ಹೇಳಿ ಹತ್ತರಗಿಗೆ ಮದುವೆಯಾಗಿ ಬಂದೆ. ಯಾರ ಮುಂದೂ ತಲೆ ತಗ್ಗಿಸಿದವಳಲ್ಲ ನಾನು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಎರಡು ಸಾವಿರದ ಇಸವಿಯ ಆಚೆಗೆ ಮನೆಗೆ ಸೀಡಿ ಪ್ಲೇಯರ್ ಬಂತು. ಹೈವೇ ಬದಿಯ ಅಂಗಡಿಯೊಂದರಲ್ಲಿ ಅದೇ ಸಿನಿಮಾ ಕಂಡಾಗ ಕೊಂಡು ತಂದೆ. ರಜೆಯ ದಿನ ಮಗಳನ್ನು ಬಾಜೂಕ್ಕೆ ಕೂರಿಸಿಕೊಂಡು ಹಾಕಿದೆ. ಗಂಡ ಬಂದ. ಚಿಲಕದ ಮೇಲೆ ಕೈ ಬಂತು. ಈಗ ತೆಗೆಯುತ್ತಾಳೆ ನೋಡು ಆ ಕೈ, ಎಂದೆ ಮಗಳಿಗೆ.

ಅವಳು ಬಾಗಿಲು ತೆಗೆದಳು! ಓಡಿಬಂದು ಅವನ ಕಾಲಿಗೆ ಬಿದ್ದಳು. ತಪ್ಪೆಲ್ಲ ತನ್ನದೇ ಎಂದಳು. ಅವನು ದೊಡ್ಡ ಮನಸ್ಸು ಮಾಡಿ ಎತ್ತಿ ನಿಲ್ಲಿಸಿದ. ಎಲ್ಲರೂ ಹಲ್ಲು ಕಿರಿದು ನಿಂತರು. ಮುಗಿಯಿತು.

“ಅವ್ವಾ, ನೀ ಹೇಳಿದ್ದು ಹಿಂಗಿಲ್ಲಲ್ಲ?” ಎಂದಳು ಮಗಳು.

ಸಿಟ್ಟು ನೆತ್ತಿಗೇರಿತು. ಅತ್ತೆ ನನಗೆ ಸುಳ್ಳು ಹೇಳಿದ್ದಳು, ನಾನು ಆ ಸುಳ್ಳಿನ ಮೇಲೆ ಇಡೀ ಬದುಕು ನಿಲ್ಲಿಸಿದ್ದೆ! ಎರಡು ದಿನ ಆ ಸೀಡಿಯನ್ನು ಮುಟ್ಟಲಿಲ್ಲ. ಮೂರನೆಯ ದಿನ ಒಬ್ಬಳೇ ಕೂತು ಮೊದಲಿನಿಂದ ಮತ್ತೆ ನೋಡಿದೆ. ಚಿಕ್ಕವಳಿದ್ದಾಗ ಖಾನಾವಳಿಯ ಜಗಳಗಳಿಗೆ ನಕ್ಕಿದ್ದೆನಷ್ಟೆ. ಈಗ ಕಂಡದ್ದೇ ಬೇರೆ. ಎರಡೂವರೆ ತಾಸು ಆ ಹೆಂಗಸು ಒಂದೊಂದೇ ಹೆಜ್ಜೆಯಾಗಿ ನೆಟ್ಟಗಾಗುತ್ತಾಳೆ, ಕೊನೆಯ ರೀಲು ಮಾತ್ರ ಬೇರೆ ಯಾರದೋ ಸಿನಿಮಾ, ತಂದು ಅಂಟಿಸಿದ್ದು. ನಾನು ಮಾಸ್ತರಿಣಿ, ತಪ್ಪು ಉತ್ತರ ಕಂಡರೆ ತಿದ್ದುವುದು ನನ್ನ ಕೆಲಸ. ಅತ್ತೆಯೂ ಅದನ್ನೇ ಮಾಡಿದ್ದಳು.

ಹಾಗೆ ಕೂತಿರುವಾಗಲೇ ಇಷ್ಟು ವರ್ಷ ಅರ್ಥವಾಗದೆ ಬಿದ್ದಿದ್ದ ಒಂದು ನೆನಪು ಎದ್ದು ಬಂತು. ಆ ರವಿವಾರ ಹಿರಿಯರು ಹೊರಡುವಾಗ ನಾನು ಕಟ್ಟೆಯ ಮೇಲೆ ಕೂತಿದ್ದೆ. ಒಬ್ಬಾತ ಚಪ್ಪಲಿ ಮೆಟ್ಟುತ್ತ ಆಯಿಗಷ್ಟೇ ಕೇಳುವಂತೆ, “ಅವ್ವಾರ, ಆ ಪಿಕ್ಚರ್ ನಾನೂ ನೋಡೇನ್ರಿ,” ಎಂದಿದ್ದ.

“ನೋಡಿದ್ರ ಸುಮ್ನ ಇರ್ರಿ,” ಎಂದಿದ್ದಳು ಆಯಿ. “ನಿಮಗೂ ಹೆಣ್ಣಮಕ್ಕಳು ಅದಾರ.” ತಾನು ನೋಡದ ಆ ಕೊನೆಯನ್ನು ಯಾರಿಂದಲೋ ಕೇಳಿ ತಿಳಿದೇ ಆಯಿ ಅಂದು ಮಾತಾಡಿದ್ದಳು.

ಮರುದಿನವೇ ಮೂಡಲಗಿಯ ಬಸ್ಸು ಹತ್ತಿದೆ. ಆಯಿ ತೀರಿಕೊಂಡು ಆಗ ಬಹಳ ವರ್ಷವಾಗಿತ್ತು. ಅತ್ತೆ ಯಂತ್ರದ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು. ಸಿನಿಮಾ ಪೂರ್ತಿ ನೋಡಿದೆ ಎಂದೆ. ಅವಳ ಮುಖ ಇಳಿದುಹೋಯಿತು.

“ಹುಕ್ಕೇರ್ಯಾಗ ನೋಡಿದ ದಿನಾನ ಹೊಟ್ಟ್ಯಾಗ ಬೆಂಕಿ ಬಿದ್ದಿತ್ತ ತಂಗಿ. ನೀ ಬಸ್‌ನ್ಯಾಗ ಕೇಳಿದಿ, ನನಗ ಬೇಕಾದ್ದು ಬಾಯಿಗೆ ಬಂತು. ಅವ್ವ ಅದನ್ನ ನಂಬಿ ಅಷ್ಟ ಮಂದಿ ಮುಂದ ಹೇಳಿಬಿಟ್ಳು. ಸುಳ್ಳ ಆಡದಾಕಿ ಬಾಯಾಗ ನಾ ಸುಳ್ಳ ಹಾಕಿದೆ. ಆಕಿ ಸಾಯೂತನಾ ಹೇಳಾಕ ಧೈರ್ಯ ಆಗಲಿಲ್ಲ. ಅದಕ್ಕ ಚತುರ್ದಶಿಗೊಮ್ಮೆ ಉಪಾಸ ಮಾಡಾಕತ್ತೇನಿ.”

ಆ ಉಪವಾಸವನ್ನು ನಾವೆಲ್ಲ ಭಕ್ತಿ ಎಂದುಕೊಂಡಿದ್ದೆವು. ನಾನು ಅವಳ ಹಿಟ್ಟಿನ ಕೈ ಹಿಡಿದುಕೊಂಡು, ಕಟ್ಟೆಯ ಮೇಲೆ ಕೂತು ಕೇಳಿದ್ದನ್ನು ಹೇಳಿದೆ.

“ಅವ್ವಗ ಗೊತ್ತಿತ್ತು?”

“ಗೊತ್ತಿತ್ತು ಅತ್ತಿ.”

“ಗೊತ್ತಿದ್ದೂ ಹಂಗ ಹೇಳಿದ್ಳು?”

“ನಿನ್ನ ಸಲುವಾಗಿ.”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೂಸಿನ ಹಾಗೆ ಅತ್ತಳು. ನಾನೂ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಹಿಟ್ಟಿನ ಡಬ್ಬಿ ಹಿಡಿದು ಬಂದ ಪಕ್ಕದ ಮನೆಯವಳು ನಮ್ಮನ್ನು ನೋಡಿ ಹಾಗೇ ತಿರುಗಿ ಹೋದಳು. ಆಮೇಲೆ ಅತ್ತೆ ಕಣ್ಣೊರೆಸಿಕೊಂಡಳು.

“ಇಷ್ಟ ವರ್ಷ ಚತುರ್ದಶಿಗೆ ಅಷ್ಟ ಮಾಡಿದೆ. ಇನ್ನ ಅಷ್ಟಮಿಗೂ ಮಾಡತೇನಿ. ಅದು ನಮ್ಮವ್ವನ ಪಾಲಿಂದು.”

ಒಬ್ಬರ ಪಾಪ ಇನ್ನೊಬ್ಬರು ಕಳೆಯಲು ಬರುವುದಿಲ್ಲ ಎಂದು ನಮ್ಮ ಬಸದಿಯಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತಾರೆ. ಅತ್ತೆಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಮುಂದಿನ ಅಷ್ಟಮಿಯ ಸಂಜೆ ಫೋನು ಮಾಡಿದಾಗ ಅವಳು ನೀರನ್ನೂ ಮುಟ್ಟಿರಲಿಲ್ಲ.